ಗುಡ್ಡದ ಮೇಲಿನ ಚರ್ಚಿನಲ್ಲಿ ನಮ್ಮ ದೊಡ್ಡವ್ವ

ಇವತ್ತು ಡಿಬೇಟ್ ಇಲ್ಲ, ಬ್ರೇಕಿಂಗ್ ನ್ಯೂಸೂ ಇಲ್ಲ. ಒಂದು ಟೂರಿನ ಕಥೆ ಹೇಳ್ತೀನಿ. ಕೊನೆಗೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳೋದಿದೆ. ಹಾಗಾಗಿ ಚಾನೆಲ್ ಬದಲಾಯಿಸಬೇಡಿ.

ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ನನ್ನ ತಾಯಿಯ ತವರು. ಗದಾಯುದ್ಧ ಬರೆದ ಕವಿ ರನ್ನ ಹುಟ್ಟಿದ ಊರು. ಕಳೆದ ದಸರಾ ರಜೆಯಲ್ಲಿ ಅಲ್ಲಿಂದ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಹನ್ನೊಂದು ಜನ ಹೊರಟ್ವಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಆಮೇಲೆ ಮಂಗಳೂರಿನ ಸಮುದ್ರ. ನಮ್ಮ ಕಡೆಯವರ ಮಾಮೂಲಿ ದಾರಿ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ.

ಮಂಗಳೂರು ತಲುಪಿದಾಗ ಮಧ್ಯಾಹ್ನ. ಸಮುದ್ರಕ್ಕೆ ಸಂಜೆ ಹೋದರಾಯ್ತು, ಅಷ್ಟರೊಳಗೆ ಬಾವುಟಗುಡ್ಡದ ಮೇಲಿರೋ ಸಂತ ಅಲೋಶಿಯಸ್ ಚಾಪೆಲ್ ನೋಡೋಣ ಅಂದೆ. ಗೋಡೆ, ಚಾವಣಿ ತುಂಬಾ ಚಿತ್ರ ಇವೆ, ದೇಶವಿದೇಶದಿಂದ ಜನ ಬರ್ತಾರೆ ಅಂತಲೂ ಹೇಳಿದೆ.

ಹಿಂದಿನ ಸೀಟಿನಿಂದ ಅಕ್ಕನ ಮಗನ ದನಿ ಬಂತು. ಹತ್ತೊಂಬತ್ತರ ಹುಡುಗ, ಡಿಪ್ಲೊಮಾ ಓದ್ತಿದ್ದಾನೆ. "ಮಾಮಾ, ಚರ್ಚಿಗೆ ನಾವ್ಯಾಕ ಹೋಗಬೇಕು? ಅಲ್ಲಿ ನಮ್ಮದೇನೈತಿ?"

"ಯಾರು ಹೇಳಿದ್ರೋ ನಿನಗೆ ಹಿಂಗ?" ಅಂದೆ.

"ನಿಮ್ಮ ಡಿಬೇಟಿನ್ಯಾಗ ಕೇಳೀನಿ."

ಗಾಡಿಯಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಉತ್ತರ ಕೊಟ್ಟಿದ್ದು ಎಪ್ಪತ್ತು ದಾಟಿದ ದೊಡ್ಡವ್ವ. "ಊರಾಗ ದರ್ಗಾಕ್ಕ ಸಕ್ರಿ ಓದಿಸಾಕ ಹೋಗೂದಿಲ್ಲೇನ? ದೇವರ ಮನಿಗೆ ಹೋಗಾಕ ಏನ ಧಾಡಿ? ನಡಿ."

ಮೇಲೆ ಹೋದ್ವಿ. ಅದು 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರುಮಾಡಿದ ಕಾಲೇಜಿನ ಆವರಣ. ಚಾಪೆಲ್ಲೂ ಅದೇ ದಶಕದ್ದು. ದೊಡ್ಡವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ತಲೆ ಮೇಲೆ ಸೆರಗು ಹೊದ್ದಳು. ಬಿಡಬೇಕು ಅಂತ ಯಾರೂ ಹೇಳಿರಲಿಲ್ಲ. ನಮ್ಮ ಹುಡುಗ ಮೊಬೈಲ್ ಎತ್ತಿದ. ಒಳಗೆ ಫೋಟೊ ತೆಗೆಯೋ ಹಾಗಿಲ್ಲ ಅಂತ ಅಲ್ಲಿದ್ದವರು ಮೆಲ್ಲಗೆ ಹೇಳಿದರು. ಮುಖ ಊದಿಸಿಕೊಂಡು ಬೆಂಚಿನ ಮೇಲೆ ಕೂತ. ಮಾಡೋಕೆ ಬೇರೆ ಕೆಲಸ ಇಲ್ಲ, ತಲೆ ಎತ್ತಿ ನೋಡತೊಡಗಿದ.

ನೋಡಬೇಕಾದ್ದೇ ಅದು. ಇಟಲಿಯ ಬೆರ್ಗಾಮೊ ಕಡೆಯ ಆಂಟೋನಿಯೊ ಮೊಸ್ಕೇನಿ ಅನ್ನೋ ಜೆಸ್ವಿಟ್ ಸಹೋದರ 1899ರಲ್ಲಿ ಶುರುಮಾಡಿ ಎರಡೇ ವರ್ಷದ ಆಸುಪಾಸಿನಲ್ಲಿ ಬರೆದ ಚಿತ್ರಗಳು. ಚಾವಣಿಯದ್ದು ಕ್ಯಾನ್ವಾಸ್ ಮೇಲಿನ ತೈಲವರ್ಣ, ಗೋಡೆಯದ್ದು ಫ್ರೆಸ್ಕೊ. ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಇದೊಂದು ಹೇಳಿಬಿಡ್ತೀನಿ. ಫ್ರೆಸ್ಕೊ ಅಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಅದರ ಮೇಲೆ ಬಣ್ಣ ಬರೆಯೋದು. ಗಾರೆ ಗಾಳಿ ಹೀರಿ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತೆ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಬಳಿಯಬೇಕು. ತಪ್ಪಾಯ್ತಾ? ಕೆತ್ತಿ ತೆಗೆದು ಮತ್ತೆ ಮೊದಲಿಂದ. ಅದೂ ಮಂಗಳೂರಿನ ಆ ಹಸಿ ಹವೆಯಲ್ಲಿ! ಆತ ತನ್ನ ಊರಿಗೆ ವಾಪಸ್ ಹೋಗಲೇ ಇಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ದೊಡ್ಡವ್ವನಿಗೆ ಗಾರೆಯ ಲೆಕ್ಕ ಬೇಡ. ಅವಳ ಬೆರಳು ಒಂದು ಚಿತ್ರದ ಕಡೆ. "ತಮ್ಮಾ, ಈ ಹುಡುಗ ಯಾರು? ಎಲ್ಲಾ ಕಡೆ ಇವನs ಅದಾನಲ್ಲ?"

ಅವನೇ ಅಲೋಶಿಯಸ್ ಗೊನ್ಜಾಗ ಅಂದೆ. ನಮ್ಮ ಮುಧೋಳ ಸಂಸ್ಥಾನದ ಹಾಗೆ ಇಟಲಿಯಲ್ಲೊಂದು ಸಣ್ಣ ಸಂಸ್ಥಾನ. 1568ರಲ್ಲಿ ಹುಟ್ಟಿದ ಹಿರೇ ಮಗ ಇವನು, ಗಾದಿ ಇವನಿಗೇ ಬರಬೇಕು. ಅದನ್ನ ತಮ್ಮನಿಗೆ ಬಿಟ್ಟುಕೊಟ್ಟು ಹದಿನೇಳನೇ ವಯಸ್ಸಿಗೆ ಸನ್ಯಾಸಕ್ಕೆ ಹೋದ. ರೋಮ್ ನಗರದಲ್ಲಿ ಪ್ಲೇಗು ಬಂದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನ ಹೊತ್ತು ತಂದು ಸೇವೆ ಮಾಡಿದ. ಅದೇ ರೋಗ ತಗುಲಿ 1591ರಲ್ಲಿ ಸತ್ತ. ಆಗ ಅವನಿಗೆ ಇಪ್ಪತ್ಮೂರು.

"ಇಪ್ಪತ್ಮೂರಾ?" ಅಂದ ನಮ್ಮ ಹುಡುಗ, ಬೆಂಚಿನಿಂದಲೇ.

ದೊಡ್ಡವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ನಮ್ಮಜ್ಜಿ ಹೇಳತಿದ್ಲು. ಆ ಬ್ಯಾನಿ ಬಂದಾಗ ಮಂದಿ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡಿದ್ರಂತ. ಹೆಣಾ ಹೊರಾಕ ನಾಕ ಮಂದಿ ಸಿಗತಿರಲಿಲ್ಲಂತ. ಆವಾಗ ಇಂಥಾಂವ ಒಬ್ಬ ಇದ್ದಿದ್ರ..." ಎರಡೂ ಕೈ ಜೋಡಿಸಿದಳು. "ಗಾದಿ ಬಿಟ್ಟು ಹ್ವಾದಾಂವ. ಹಂಗಾರ ನಮ್ಮ ಗೊಮ್ಮಟಸ್ವಾಮಿ ಪೈಕೀನ ಬಿಡು."

ಗೆದ್ದ ರಾಜ್ಯವನ್ನ ಅಣ್ಣನಿಗೆ ಬಿಟ್ಟು ಹೊರಟ ಬಾಹುಬಲಿಯ ಕಥೆ ಬೆಳಗಲಿಯವಳಿಗೆ ಯಾರೂ ಕಲಿಸಬೇಕಿಲ್ಲ. ರನ್ನ ಜೈನ ಕವಿ. ಅವನಿಗೆ ಆಶ್ರಯ ಕೊಟ್ಟ ಚಾವುಂಡರಾಯನೇ ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನ ನಿಲ್ಲಿಸಿದ್ದು. ಬಳೆಗಾರರ ಮನೆಯ ಹುಡುಗ ರನ್ನ, ವಿದ್ಯೆ ಹುಡುಕಿಕೊಂಡು ಆ ಕಾಲದಲ್ಲಿ ಬೆಳಗಲಿಯಿಂದ ಗಂಗರ ನಾಡಿಗೆ ಹೋಗಿದ್ದ. ಅಲ್ಲಿ ನಮ್ಮದೇನೈತಿ ಅಂತ ಅವನೂ ಊರಲ್ಲೇ ಕೂತಿದ್ದರೆ?

ಇನ್ನೊಂದು ಲೆಕ್ಕ ನನಗೆ ಆಮೇಲೆ ಹೊಳೆಯಿತು. ಮುಂಬಯಿಗೆ ಪ್ಲೇಗು ಬಂದಿದ್ದು 1896ರಲ್ಲಿ. ಮುಂದಿನ ವರ್ಷಗಳಲ್ಲಿ ಅದು ಹುಬ್ಬಳ್ಳಿ-ಧಾರವಾಡ ಸೀಮೆಗೂ ಹಬ್ಬಿತು. ಅಂದರೆ ಮೊಸ್ಕೇನಿ ಗುಡ್ಡದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಪ್ಲೇಗಿನ ರೋಗಿಗಳನ್ನ ಬರೀತಿದ್ದಾಗ, ನಮ್ಮ ಸೀಮೆಯ ಜನ ನಿಜವಾಗಿಯೂ ಅದೇ ಪ್ಲೇಗಿಗೆ ಊರು ಖಾಲಿ ಮಾಡ್ತಿದ್ದರು. "ಅಲ್ಲಿ ನಮ್ಮದೇನೈತಿ" ಅಂತ ಕೇಳಿದ್ದನಲ್ಲ ಹುಡುಗ, ಇಷ್ಟು ಇತ್ತು.

ಈಗ ನನ್ನ ತಪ್ಪು. 2008ರ ಸೆಪ್ಟೆಂಬರಿನಲ್ಲಿ ಇದೇ ಮಂಗಳೂರಿನಲ್ಲಿ, ರಾಜ್ಯದ ಬೇರೆ ಕಡೆಗಳಲ್ಲೂ ಚರ್ಚುಗಳ ಮೇಲೆ ದಾಳಿ ನಡೆಯಿತು. ನಾನಾಗ ಕಾಲೇಜು ಹುಡುಗ, ಹಾಸ್ಟೆಲ್ ಟಿವಿಯಲ್ಲಿ ನೋಡಿದೆ. ಒಡೆದ ಗಾಜು, ಮುರಿದ ಮೂರ್ತಿ. ನಾನು ಕಂಡ ಮೊದಲ ಚರ್ಚಿನ ಒಳಭಾಗ ಅದೇ. ಈಗ ಕ್ಯಾಮೆರಾ ಮುಂದೆ ನಾನೇ ಕೂತಿದ್ದೀನಿ. ನಾವು ಚರ್ಚ್ ತೋರಿಸೋದು ಯಾವಾಗ? ಕ್ರಿಸ್‌ಮಸ್ ರಾತ್ರಿ ಅರ್ಧ ನಿಮಿಷ. ಇಲ್ಲಾಂದ್ರೆ ಕಲ್ಲು ಬಿದ್ದಾಗ, ಮತಾಂತರದ ಗಲಾಟೆ ಆದಾಗ, ಇಡೀ ದಿನ. ಮಸೀದಿಗೂ ಹೀಗೇ, ಗುಡಿಗೂ ಹೀಗೇ. ಜಗಳ ಇದ್ದಲ್ಲಿ ನಾವು. ಹತ್ತೊಂಬತ್ತರ ಹುಡುಗನಿಗೆ ಚರ್ಚ್ ಅಂದ ತಕ್ಷಣ ಜಗಳವೇ ನೆನಪಾದರೆ, ಅದರಲ್ಲಿ ನನ್ನ ಪಾಲೂ ಇದೆ.

ನೀವು ಈ ರಜೆಗೆ ಆ ಕಡೆ ಹೋದರೆ ಬಾವುಟಗುಡ್ಡ ಹತ್ತಿ. ಅದು ಮ್ಯೂಸಿಯಂ ಅಲ್ಲ, ಇವತ್ತಿಗೂ ಪ್ರಾರ್ಥನೆ ನಡೆಯೋ ಜಾಗ. ದನಿ ತಗ್ಗಿಸಿ. ಗೋಡೆ ಮುಟ್ಟಬೇಡಿ, ಕೈಯ ಬೆವರು ಚಿತ್ರಕ್ಕೆ ಆಗಲ್ಲ. ಮೊಬೈಲ್ ಜೇಬಲ್ಲಿಟ್ಟು ಹತ್ತು ನಿಮಿಷ ಕೂತ್ಕೊಳ್ಳಿ. ಕೈ ಮುಗಿಯೋದು, ಬಿಡೋದು ನಿಮ್ಮಿಷ್ಟ. ದೊಡ್ಡವ್ವ ಮುಗಿದಳು, ಹುಡುಗ ಮುಗಿಯಲಿಲ್ಲ, ಇಬ್ಬರನ್ನೂ ಅಲ್ಲಿ ಯಾರೂ ಏನೂ ಕೇಳಲಿಲ್ಲ. ಆದರೆ ದೊಡ್ಡವ್ವನ ಹಾಗೆ ಒಂದು ಪ್ರಶ್ನೆ ಕೇಳಿ: ಈ ಹುಡುಗ ಯಾರು?

ಗುಡ್ಡ ಇಳಿಯುವಾಗ ನಮ್ಮ ಹುಡುಗ ಕೇಳಿದ: "ಮಾಮಾ, ಇದನ್ನ ನೀವು ಟೀವ್ಯಾಗ ಯಾಕ ತೋರಸಂಗಿಲ್ಲ?"

ಆವತ್ತು ಉತ್ತರ ಕೊಡಲಿಲ್ಲ. ಇವತ್ತು ಕೊಟ್ಟಿದ್ದೀನಿ ಅಂದ್ಕೊಳ್ತೀನಿ.