34 ಸಾವಿರವೋ, 45 ಸಾವಿರವೋ? ಗ್ಲೌಸ್ ಫ್ಯಾಕ್ಟರಿ ಸಂಬಳದ ಲೆಕ್ಕ

ಹಿರೇಕೊಡಿಗೆಯಿಂದ ಮಾತಾಡ್ತಾ ಇದ್ದೀನಿ. ಹೊರಗೆ ಜೋರು ಮಳೆ, ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ವಾರ ಚಿಕ್ಕಪ್ಪನ ಮಗ ಬಂದು ಫೋನ್ ತೋರಿಸಿದ. "ಅಣ್ಣಾ, ಮಲೇಷ್ಯಾದಲ್ಲಿ ರಬ್ಬರ್ ಗ್ಲೌಸ್ ಫ್ಯಾಕ್ಟರಿ. ತಿಂಗಳಿಗೆ 45 ಸಾವಿರ. ಏಜೆಂಟ್‌ಗೆ ಒಂದೂವರೆ ಲಕ್ಷ ಕೊಡಬೇಕಂತೆ." ಅವನು ನರಸಿಂಹರಾಜಪುರದ ಕಡೆ ರಬ್ಬರ್ ಟ್ಯಾಪಿಂಗ್ ಮಾಡೋನು. ಚಿಕ್ಕಮ್ಮನ ಬಳೆ ಅಡ ಇಡೋ ಮಾತೂ ಆಗಿತ್ತು. ನಾನು ಬಿಕಾಂ ಓದಿದೋನು, ಪೆನ್ನು ತಗೊಂಡು ಕೂತೆ.

ಮಲೇಷ್ಯಾದಲ್ಲಿ ಕನಿಷ್ಠ ವೇತನ 2025ರಲ್ಲಿ ತಿಂಗಳಿಗೆ 1,700 ರಿಂಗಿಟ್ ಆಯ್ತು. ರಿಂಗಿಟ್‌ಗೆ 20 ರೂಪಾಯಿ ಅಂತ ಇಟ್ಟುಕೊಂಡ್ರೆ 34 ಸಾವಿರ. ಹಾಗಾದ್ರೆ 45 ಸಾವಿರ ಎಲ್ಲಿಂದ ಬಂತು? ಓಟಿಯಿಂದ. ಅಲ್ಲಿ ವಾರಕ್ಕೆ 45 ಗಂಟೆ ಕೆಲಸ, ಓಟಿಗೆ ಒಂದೂವರೆ ಪಟ್ಟು ಕೂಲಿ. ಉಳಿದ 11 ಸಾವಿರ ದುಡಿಯೋಕೆ ಸುಮಾರು 45 ಗಂಟೆ ಓಟಿ ಬೇಕು. ಅಂದ್ರೆ ಪ್ರತಿ ತಿಂಗಳೂ ಒಂದು ವಾರದ ಕೆಲಸ ಜಾಸ್ತಿ! ನಮ್ಮ ಕಾನೂನಲ್ಲಿ ವಾರಕ್ಕೆ 48 ಗಂಟೆ, ಆದ್ರೆ ಓಟಿಗೆ ಎರಡು ಪಟ್ಟು.

ಇನ್ನೊಂದು ವಿಷ್ಯ. ಜರ್ಮನಿಯಲ್ಲಿ 2025ರ ಕನಿಷ್ಠ ವೇತನ ಗಂಟೆಗೆ 12.82 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಗುಣಿಸಿದ್ರೆ ಗಂಟೆಗೆ 1,282. ಕೇಳೋಕೆ ಚೆಂದ. ಆದ್ರೆ ಅಲ್ಲಿ ಬಾಡಿಗೆ, ಊಟ, ಬಸ್ಸು ಎಲ್ಲಾ ಯೂರೋದಲ್ಲೇ ಮಾರಾಯ್ರೆ. ಹಾಗಾಗಿ ದೇಶ ದೇಶದ ಸಂಬಳ ಹೋಲಿಸುವಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಗಂಟೆಗೆ? ಎಷ್ಟು ಕಡಿತ? ಖರ್ಚು ಕಳೆದು ಮನೆಗೆ ಎಷ್ಟು?

ತಮ್ಮ ತಿಂಗಳಿಗೆ 15 ಸಾವಿರ ಉಳಿಸಿದ ಅಂತಿಟ್ಟುಕೊಳ್ಳಿ. ಏಜೆಂಟ್ ದುಡ್ಡು ತೀರೋಕೇ ಹತ್ತು ತಿಂಗಳು, ಬಡ್ಡಿ ಬೇರೆ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದ್ರೆ 30 ಸಾವಿರ ಮತ್ತು ಜಿಎಸ್‌ಟಿ. ಏಜೆಂಟ್ ನೋಂದಾಯಿತನೋ ಅಲ್ಲವೋ ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಫೋನಲ್ಲೇ ನೋಡಬಹುದು.

ಹೋಗ್ಬೇಡ ಅಂತ ನಾನು ಹೇಳಲಿಲ್ಲ. ಮೂಲ ಸಂಬಳ, ಗಂಟೆ, ಕಡಿತ ಮೂರನ್ನೂ ಬರೆದಿರೋ ಕರಾರುಪತ್ರ ಮೊದಲು ಕೇಳು ಅಂದೆ. ತಮ್ಮ ಕೇಳಿದ್ದಾನೆ. ಏಜೆಂಟ್ ಇನ್ನೂ "ಕಳಿಸ್ತೀನಿ" ಅಂತಲೇ ಇದ್ದಾನೆ. ಬಳೆ ಸದ್ಯಕ್ಕೆ ಚಿಕ್ಕಮ್ಮನ ಕೈಯಲ್ಲೇ ಇದೆ.

ಮುಂದಿನ ವಾರ ಸಿಗೋಣ.