ನೀರಿನಲ್ಲಿ ತೂಗಿದ ಚಿನ್ನ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದರು. ಸುವರ್ಣ ಮಹೋತ್ಸವವಾದ್ದರಿಂದ ಸುವರ್ಣದ ಬಗ್ಗೆಯೇ ಮಾತಾಡುತ್ತೇನೆ. ಒಂದು ಆಭರಣದಲ್ಲಿ ಚಿನ್ನ ಎಷ್ಟು, ಬೇರೆ ಲೋಹ ಎಷ್ಟು ಎಂದು ಒಂದು ಲೋಟ ನೀರಿನಿಂದ ಎಷ್ಟರಮಟ್ಟಿಗೆ ತಿಳಿಯಬಹುದು? ಇದಕ್ಕೆ ಒಂಬತ್ತನೇ ತರಗತಿಯ ಪಾಠ ಸಾಕು.

ನಮ್ಮ ಊರಿಗೆ ಒಂದು ಕಡೆ ಹೊಳೆ, ಒಂದು ಕಡೆ ಕಡಲು. ಹೊಳೆಯಲ್ಲಿ ಸ್ವಲ್ಪ ಹೆಚ್ಚು ಮುಳುಗುವ ದೋಣಿ ಕಡಲಿಗೆ ಇಳಿದಾಗ ಸ್ವಲ್ಪ ಮೇಲೇಳುತ್ತದೆ. ಒಂದು ಲೀಟರ್ ಸಿಹಿನೀರು ಸುಮಾರು 1000 ಗ್ರಾಂ ತೂಗಿದರೆ, ಕಡಲ ನೀರು ಸುಮಾರು 1025 ಗ್ರಾಂ ತೂಗುತ್ತದೆ. ಅಳತೆ ಒಂದೇ, ತೂಕ ಬೇರೆ. ಇದೇ ಸಾಂದ್ರತೆ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ, ಬೆಳ್ಳಿ 10.5 ಗ್ರಾಂ, ತಾಮ್ರ ಸುಮಾರು 9 ಗ್ರಾಂ ತೂಗುತ್ತದೆ. ಚಿನ್ನಕ್ಕೆ ಬೆಳ್ಳಿಯೋ ತಾಮ್ರವೋ ಸೇರಿದರೆ ಅಷ್ಟೇ ತೂಕಕ್ಕೆ ಗಾತ್ರ ಹೆಚ್ಚುತ್ತದೆ.

ಆರ್ಕಿಮಿಡೀಸ್ ಮತ್ತು ರಾಜನ ಕಿರೀಟದ ಕಥೆ ನಿಮಗೆಲ್ಲ ಗೊತ್ತು. ತುಂಬಿದ ಪಾತ್ರೆಯಿಂದ ಚೆಲ್ಲಿದ ನೀರನ್ನು ಅಳೆದನೆಂದು ಕಥೆ ಹೇಳುತ್ತದೆ. ಆದರೆ ಆ ವ್ಯತ್ಯಾಸ ತೀರಾ ಚಿಕ್ಕದು. ಪಾತ್ರೆಯ ಅಂಚಿನಲ್ಲಿ ನಿಲ್ಲುವ ನೀರೇ ಲೆಕ್ಕ ಕೆಡಿಸೀತು. ನೀರಿನೊಳಗೆ ಇಟ್ಟು ತೂಗುವುದೇ ಸರಿಯಾದ ದಾರಿ ಎಂದು ಗೆಲಿಲಿಯೋ 1586ರಲ್ಲಿ ಒಂದು ಚಿಕ್ಕ ಬರಹದಲ್ಲಿ ವಿವರಿಸಿದ. ಕಾರ್ಕಳದ ಚತುರ್ಮುಖ ಬಸದಿ ಕಟ್ಟಿದ್ದೂ 1586ರಲ್ಲಿಯೇ.

ನಮ್ಮಲ್ಲಿ ಈ ಲೆಕ್ಕ ಬೇಕಾಗುವುದು ಕಿರೀಟಕ್ಕಲ್ಲ. ಗುಳ್ಳದ ಗದ್ದೆಗೆ ಗೊಬ್ಬರ ಹಾಕಬೇಕು, ಮಗಳ ಕಾಲೇಜಿನ ಫೀಸು ಕಟ್ಟಬೇಕು ಎಂದಾಗ ಮನೆಯ ಹೆಂಗಸರ ಬಳೆ ಅಡವಿಗೆ ಹೋಗುತ್ತದೆ. ಹಳೆ ವಿದ್ಯಾರ್ಥಿಯೊಬ್ಬನ ತಾಯಿ ಹಾಗೆ ಅಡವಿಡುವ ಮೊದಲು ಎರಡು ಗಟ್ಟಿ ಬಳೆ ಹಿಡಿದು ನನ್ನಲ್ಲಿಗೆ ಬಂದರು. ಒಂದು ತವರಿನಿಂದ ಬಂದದ್ದು, ಇನ್ನೊಂದು ಆಮೇಲೆ ಕೊಂಡದ್ದು. “ಮಾಷ್ಟ್ರೇ, ಎರಡೂ ಇಪ್ಪತ್ತೆರಡು ಕ್ಯಾರೆಟೇ ಅಲ್ವಾ? ಒಮ್ಮೆ ನೋಡಿ ಹೇಳಿ” ಎಂದರು. ಎರಡೂ ಎರಡೆರಡು ಪವನಿನವು, ಅಂದರೆ 16 ಗ್ರಾಂ. ಮುದ್ರೆ ಯಾವುದರಲ್ಲೂ ಇರಲಿಲ್ಲ.

ಒಂದು ಲೋಟ ನೀರನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದೆ. ಬಳೆಯನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದೆ. ಆಗ ತಕ್ಕಡಿ ತೋರಿಸುವುದು ಬಳೆ ಸರಿಸಿದ ನೀರಿನ ತೂಕ. ಒಂದು ಗ್ರಾಂ ನೀರೆಂದರೆ ಒಂದು ಘನ ಸೆಂಟಿಮೀಟರ್. ಹಾಗಾಗಿ ಅದೇ ಬಳೆಯ ಗಾತ್ರ. ಅಂಟಿಕೊಂಡ ಗಾಳಿಗುಳ್ಳೆಗಳನ್ನು ಮೊದಲು ತೆಗೆಯಬೇಕು. ತವರಿನ ಬಳೆಗೆ 0.91 ಬಂತು, ಇನ್ನೊಂದಕ್ಕೆ 1.03.

ಈಗ ಲೆಕ್ಕ. 16 ಗ್ರಾಂ ಅಪ್ಪಟ ಚಿನ್ನವಾಗಿದ್ದರೆ 0.83 ಬರಬೇಕು. ಬರೀ ತಾಮ್ರವಾಗಿದ್ದರೆ 1.79, ಬರೀ ಬೆಳ್ಳಿಯಾಗಿದ್ದರೆ 1.52. ನಮಗೆ ಸಿಕ್ಕಿದ ಅಂಕಿ ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಚಿನ್ನದ ಪಾಲು ಸಿಗುತ್ತದೆ. ಎರಡನೇ ಬಳೆಯಲ್ಲಿ ಬೆರೆತದ್ದು ತಾಮ್ರವಾದರೆ ಚಿನ್ನ ಶೇಕಡಾ 79. ಬೆಳ್ಳಿಯಾದರೆ ಶೇಕಡಾ 71. ಎರಡೂ ಬೆರೆತಿದ್ದರೆ ಇವುಗಳ ನಡುವೆ. 22 ಕ್ಯಾರೆಟ್ ಎಂದರೆ ಶೇಕಡಾ 91.6 ಇರಬೇಕು. ಈ ಬಳೆ ಅದಲ್ಲ ಎಂದು ಧೈರ್ಯವಾಗಿ ಹೇಳಬಹುದಿತ್ತು.

ತವರಿನ ಬಳೆಯ ಉತ್ತರ ಅಷ್ಟು ಸುಲಭವಿರಲಿಲ್ಲ. ತಾಮ್ರ ಬೆರೆತಿದ್ದರೆ ಶೇಕಡಾ 91.5, ಬೆಳ್ಳಿ ಬೆರೆತಿದ್ದರೆ ಶೇಕಡಾ 88. ಅಂಕಿ ಒಂದೇ, ಉತ್ತರ ಎರಡು. ಇವುಗಳ ನಡುವೆ ಅರ್ಧ ಗ್ರಾಂ ಚಿನ್ನದ ಅಂತರ. ಏಕೆಂದರೆ ಸಾಂದ್ರತೆ ನಮಗೆ ಒಂದೇ ಸಮೀಕರಣ ಕೊಡುತ್ತದೆ. ಒಂದು ಸಮೀಕರಣದಿಂದ ಒಂದೇ ಅಜ್ಞಾತವನ್ನು ಬಿಡಿಸಬಹುದು. ಬೆರೆತ ಲೋಹ ಯಾವುದೆಂದು ಮೊದಲೇ ಗೊತ್ತಿರಬೇಕು.

ಇನ್ನೂ ಕೆಲವು ಎಚ್ಚರಗಳಿವೆ. ಟಂಗ್‌ಸ್ಟನ್ ಲೋಹದ ಸಾಂದ್ರತೆ 19.25, ಹೆಚ್ಚುಕಡಿಮೆ ಚಿನ್ನದಷ್ಟೇ. ಮೋಸಗಾರರಿಗೆ ಇದು ಗೊತ್ತು. ಕಲ್ಲು ಕೂರಿಸಿದ, ಅರಗು ತುಂಬಿದ, ಒಳಗೆ ಪೊಳ್ಳಾದ ಆಭರಣಕ್ಕೆ ಈ ಲೆಕ್ಕ ಹೊಂದದು. ತಕ್ಕಡಿ 0.01 ಗ್ರಾಂ ತಪ್ಪಿದರೂ ಉತ್ತರ ಶೇಕಡಾ ಒಂದರಷ್ಟು ತಪ್ಪುತ್ತದೆ. ಮನೆಯ ಹಿತ್ತಾಳೆ ದೀಪಕ್ಕೂ ಹೀಗೆ ಲೆಕ್ಕ ಹಾಕಲು ಹೋಗಬೇಡಿ. ತಾಮ್ರ ಮತ್ತು ಸತು ಬೆರೆತಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತದೆ. ಶೇಕಡಾ 70 ತಾಮ್ರವಿರುವ ಹಿತ್ತಾಳೆಯನ್ನು ನಮ್ಮ ಲೆಕ್ಕ ಶೇಕಡಾ 80 ಎಂದು ತೋರಿಸುತ್ತದೆ.

ಆದ್ದರಿಂದ ಆ ತಾಯಿಗೆ ಹೇಳಿದೆ: “ಇದು ಇಪ್ಪತ್ತೆರಡು ಅಲ್ಲ ಅಂತ ನಾನೇ ಹೇಳ್ತೇನೆ ಅಮ್ಮ. ಅದು ಹೌದು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ, ಪರೀಕ್ಷಾ ಕೇಂದ್ರದಲ್ಲಿ ತೋರಿಸಿ.” ಅವರು ತೋರಿಸಿದರು. ಕ್ಷ-ಕಿರಣದ ಯಂತ್ರ ಒಂದೊಂದು ಲೋಹವನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ತವರಿನ ಬಳೆ 22 ಕ್ಯಾರೆಟ್‌ನದೇ ಆಗಿತ್ತು. ಕೊಂಡ ಬಳೆ 18ರದ್ದು. 22ರ ಬೆಲೆ ಕೊಟ್ಟು ತಂದದ್ದು ಅದು. ಬೇಸರವಾಯಿತು, ನಿಜ. ಆದರೂ ಅಡವಿಗೆ ಹೋದಾಗ ತನ್ನ ಕೈಯಲ್ಲಿರುವುದು ಎಷ್ಟೆಂದು ತಿಳಿದೇ ಅವರು ಕೂತರು. ಬೇರೆಯವರು ಹೇಳಿದ್ದಕ್ಕೆ ತಲೆಯಾಡಿಸಬೇಕಾಗಲಿಲ್ಲ.

ಈಗ ಹೊಸದಾಗಿ ಕೊಳ್ಳುವವರಿಗೆ ಅನುಕೂಲವಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿ. ಅಜ್ಜಿಯ ಕಾಲದ ಒಡವೆಗೆ ಆ ಸಂಖ್ಯೆ ಇಲ್ಲ. ಅದಕ್ಕೆ ಮೊದಲ ಪರೀಕ್ಷೆಯಾಗಿ ನಮ್ಮ ಲೋಟದ ನೀರು ಸಾಕು.

ಮಕ್ಕಳೇ, ಅಳತೆ ಎಷ್ಟನ್ನು ಹೇಳುತ್ತದೋ ಅಷ್ಟನ್ನೇ ಹೇಳಿ. ಅದಕ್ಕಿಂತ ಹೆಚ್ಚು ಬೇಡ, ಕಡಿಮೆಯೂ ಬೇಡ. ಹಳೆ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಈ ಸಂಭ್ರಮದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ 0.01 ಗ್ರಾಂ ತೋರಿಸುವ ಒಂದೆರಡು ತಕ್ಕಡಿ ಕೊಡಿಸಿ. ನಮ್ಮ ಮಕ್ಕಳು ಕೈಯಾರೆ ತೂಗಿ ಕಲಿಯಲಿ.