ಜೀರ್ಣೋದ್ಧಾರವೋ, ನಿರ್ಮೂಲನವೋ?

(ಮುಂಬೈಯಲ್ಲಿ ನೆಲೆಸಿರುವ ನಮ್ಮೂರ ಜೈನ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾಚೀನ ವಾಸ್ತುಶಿಲ್ಪದ ಆಕರ್ಷಣೆಯನ್ನೂ ಆಧುನಿಕ ಕಟ್ಟಡಗಳನ್ನೂ ಕುರಿತು ಮಾತನಾಡಬೇಕೆಂದು ಸಂಘಟಕರು ನನಗೆ ಹೇಳಿದ್ದಾರೆ. ವಿಷಯ ರಮ್ಯವಾದುದು. ಆದರೆ ಈ ವೇದಿಕೆಯ ಹಿಂದೆ ತೂಗುಹಾಕಿರುವ ಬಣ್ಣದ ನಕ್ಷೆಯನ್ನು ನೀವೆಲ್ಲರೂ ನೋಡುತ್ತಿದ್ದೀರಿ. ನಮ್ಮೂರ ಹಳೆಯ ಬಸದಿಯನ್ನು ಕೆಡಹಿ, ಅದೇ ಸ್ಥಳದಲ್ಲಿ ಕಾಂಕ್ರೀಟಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬಿಳಿ ಅಮೃತಶಿಲೆ ಹೊದಿಸುವ ಯೋಜನೆಯದು. ಅದಕ್ಕೆ ವಂತಿಗೆ ಕೂಡಿಸುವುದೇ ಇಂದಿನ ಸಭೆಯ ನಿಜವಾದ ಉದ್ದೇಶ. ಆದ್ದರಿಂದ ಆ ನಕ್ಷೆಯನ್ನು ಎದುರಿಗಿಟ್ಟುಕೊಂಡೇ ಮಾತನಾಡುತ್ತೇನೆ.

ಹಳೆಯ ಕಟ್ಟಡ ನಮ್ಮನ್ನು ಏಕೆ ಸೆಳೆಯುತ್ತದೆ? ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನಮ್ಮಲ್ಲಿ ಬಹುಮಂದಿ ಕಂಡಿದ್ದೀರಿ. 1430ರ ಆ ಬಸದಿಯ ಕಂಬಗಳ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ. ಅಷ್ಟೊಂದು ಕಂಬಗಳು ಏಕೆ ಬಂದವು ಎಂದು ಕೇಳುವವರು ವಿರಳ. ಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತದೆ, ಆದರೆ ಬಾಗುವಿಕೆಯನ್ನು ತಾಳಲಾರದು. ಎರಡು ಕಂಬಗಳ ನಡುವಣ ಅಂತರ ಮಿತಿಮೀರಿದರೆ ಮೇಲಿನ ಕಲ್ಲುತೊಲೆ ಕೆಳಗಡೆಯಿಂದ ಬಿರಿಯುತ್ತದೆ. ಆದಕಾರಣ ಕಂಬಗಳು ಹತ್ತಿರಹತ್ತಿರ ನಿಲ್ಲಲೇಬೇಕಾಯಿತು. ಈ ಅನಿವಾರ್ಯವನ್ನು ಶಿಲ್ಪಿ ಮರೆಮಾಚಲಿಲ್ಲ. ಕಂಬಕ್ಕೊಂದು ರೂಪವಿತ್ತು, ಅದನ್ನೇ ಸೊಬಗಾಗಿಸಿದನು. ಇನ್ನು ಛಾವಣಿಯನ್ನು ನೋಡಿರಿ. ಕರಾವಳಿಯ ಬಿರುಮಳೆಗೆ ಇಳಿಜಾರಾದ ಮಾಡುಗಳು, ಗೋಡೆಯನ್ನು ಕಾಯುವ ಮುಂಚಾಚಿದ ಸೂರುಗಳು. ಬಯಲುಸೀಮೆಯ ಶಿಖರವೇ ಬಸದಿಯ ಲಕ್ಷಣವೆಂದು ಅಲ್ಲಿಯ ಶ್ರಾವಕರು ಹಟ ಹಿಡಿಯಲಿಲ್ಲ.

ನಮ್ಮ ಪೂರ್ವಿಕರು ಹೊಸತಿಗೆ ಹೆದರಿದವರೂ ಅಲ್ಲ. ಐಹೊಳೆಯ ಗುಡ್ಡದ ಮೇಲೆ 634ರಲ್ಲಿ ರವಿಕೀರ್ತಿ ಕಟ್ಟಿಸಿದ ಮೇಗುತಿ ಜಿನಾಲಯ ಅಲ್ಲಿಯದೇ ಮರಳುಗಲ್ಲಿನದು. ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಬರುವಷ್ಟರಲ್ಲಿ ನುಣುಪಾದ ಬಳಪದ ಕಲ್ಲು ಬಂದಿತ್ತು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲದು. ಅದಕ್ಕೆ ತಕ್ಕಂತೆ ಕಲ್ಲುಗಳ ಗಾತ್ರ ಕಿರಿದಾಯಿತು, ಕೆತ್ತನೆ ಸೂಕ್ಷ್ಮವಾಯಿತು. ಹೊಸ ಸಾಮಗ್ರಿಗೆ ಹೊಸ ರೂಪ ಕೊಟ್ಟರೇ ಹೊರತು, ಬಳಪದ ಕಲ್ಲಿನಲ್ಲಿ ಮರಳುಗಲ್ಲಿನ ವೇಷ ಕಟ್ಟಲಿಲ್ಲ.

ಈ ನಕ್ಷೆಯಲ್ಲಿರುವುದು ವೇಷವೇ. ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳಿರುವುದರಿಂದ ಅದು ಬಾಗುವಿಕೆಯನ್ನು ತಾಳುತ್ತದೆ; ವಿಶಾಲವಾದ ಸಭಾಂಗಣವನ್ನು ನಡುವೆ ಕಂಬವಿಲ್ಲದೆಯೇ ಕಟ್ಟಬಹುದು. ಹಾಗಿದ್ದೂ ಇಲ್ಲಿ 24 ಕಂಬಗಳಿವೆ. ಅವುಗಳಲ್ಲಿ 16 ಯಾವ ಭಾರವನ್ನೂ ಹೊರುವುದಿಲ್ಲವೆಂದು ನಕ್ಷೆ ಬರೆದವರೇ ನನ್ನೊಡನೆ ಒಪ್ಪಿಕೊಂಡರು. ತೀರ್ಥಂಕರರ ಸಂಖ್ಯೆಗೆ ಸರಿಹೊಂದಲೆಂದು ಹಾಕಿದೆವು ಎಂದರು. ಅವರ ಭಕ್ತಿಯನ್ನು ನಾನು ಶಂಕಿಸುವುದಿಲ್ಲ, ಆದರೆ ಇದು ವಾಸ್ತುವಲ್ಲ.

ಆಧುನಿಕ ವಾಸ್ತುವೆಲ್ಲ ನೀರಸವೆಂಬ ವಾದವೂ ನನಗೆ ಸಮ್ಮತವಲ್ಲ. ಬೆಂಗಳೂರಿನ ಭಾರತೀಯ ಪ್ರಬಂಧನ ಸಂಸ್ಥೆಯನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು ಫತೇಪುರ್ ಸಿಕ್ರಿಯಿಂದ ಪ್ರೇರಣೆ ಪಡೆದರು. ಅವರು ಸ್ವೀಕರಿಸಿದ್ದು ಆ ನಗರದ ಅಲಂಕಾರವನ್ನಲ್ಲ, ಅದರ ಅಂಗಳಗಳ, ನಡಿಗೆದಾರಿಗಳ ಕ್ರಮವನ್ನು. ಒರಟು ಕಲ್ಲಿನ ಗೋಡೆ, ನೆರಳು-ಬೆಳಕು ಬೀಳುವ ಉದ್ದನೆಯ ಮೊಗಸಾಲೆ, ಹಬ್ಬಿದ ಬಳ್ಳಿಗಳು. ಅಲ್ಲಿ ನಡೆದಾಗ ಹಳೆಯ ನವರಂಗದಲ್ಲಿ ಆಗುವಂಥ ಶಾಂತಿ ನನಗಾಯಿತು. ಇದೇ ಮುಂಬೈಯ ಕಂಚನಜಂಗಾ ಎಂಬ ಬಹುಮಹಡಿಯಲ್ಲಿ ಚಾರ್ಲ್ಸ್ ಕೊರಿಯಾ ಅವರು ಬಿಸಿಲನ್ನೂ ಮಳೆಯನ್ನೂ ತಡೆಯಲು ಎರಡಂತಸ್ತಿನೆತ್ತರದ ಜಗಲಿಗಳನ್ನು ಕಟ್ಟಡದ ಮೂಲೆಗಳಲ್ಲಿ ಕೊರೆದರು. ಹಳೆಯ ಬಂಗಲೆಯ ವರಾಂಡವೇ ಆಕಾಶಕ್ಕೇರಿತು. ಸಂಪ್ರದಾಯದಿಂದ ಕಲಿಯುವುದೆಂದರೆ ಇದು.

ಇನ್ನು ಬಾಳಿಕೆಯ ಮಾತು. ಕಾಂಕ್ರೀಟೆಂದರೆ ಶಾಶ್ವತವೆಂಬ ಭ್ರಮೆ ಊರಿನಲ್ಲಿರುವವರಿಗೆ ಇರಬಹುದು. ಮುಂಬೈಯಲ್ಲಿ ಸಂಸಾರ ಮಾಡಿದ ನಮಗೆ ಹೇಗೆ ಉಳಿಯಿತೋ ಕಾಣೆ! ಮೂವತ್ತು ವರ್ಷ ದಾಟಿದ ಕಟ್ಟಡದ ದೃಢತೆಯನ್ನು ಪರೀಕ್ಷಿಸಬೇಕೆಂಬುದು ಈ ನಗರದ ನಿಯಮ. ಸೋರಿಕೆಯ ನೀರು ಒಳಗಿನ ಸರಳನ್ನು ಮುಟ್ಟುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಹೊರಕ್ಕೆ ಒಡೆಯುತ್ತದೆ. ರೀಡೆವಲಪ್‌ಮೆಂಟಿಗೆ ಸಹಿ ಹಾಕಿದವರು ಈ ಸಭೆಯಲ್ಲೇ ಎಷ್ಟು ಮಂದಿಯಿಲ್ಲ? ಹಳೆಯ ಕಟ್ಟಡಗಳೆಲ್ಲ ಉಳಿದವೆಂದು ನಾನು ಹೇಳುತ್ತಿಲ್ಲ. ಬಿದ್ದವು ನಮ್ಮ ಕಣ್ಣಿಗೆ ಕಾಣುವುದಿಲ್ಲ, ನಿಂತವಷ್ಟೇ ಕಾಣುತ್ತವೆ. ಆದರೆ ಸಡಿಲವಾದ ಕಲ್ಲನ್ನು ಕಳಚಿ ಮತ್ತೆ ಕೂಡಿಸಬಹುದು. ತುಕ್ಕು ಒಳಹೊಕ್ಕ ಕಂಬದ ದುರಸ್ತಿ ಅಷ್ಟು ಸುಲಭವಲ್ಲ.

ಈಗ ನನ್ನದೇ ತಪ್ಪನ್ನು ನಿವೇದಿಸಬೇಕು. ಹದಿನೈದು ವರ್ಷಗಳ ಹಿಂದೆ ನಮ್ಮ ಬಸದಿಯ ಹಳೆಯ ಸುಣ್ಣದ ಗಾರೆಯ ಮೇಲೆ ಕಾಂಕ್ರೀಟು ಹಾಕಿಸಿದವರಲ್ಲಿ ನಾನೂ ಒಬ್ಬ. ಕಂಬಗಳಿಗೆ ಹೊಳೆಯುವ ಎಣ್ಣೆಬಣ್ಣ ಬಳಿಸಲು ಹಣ ಕೊಟ್ಟವನೂ ನಾನೇ. ಗೋಡೆಯ ಮೇಲಿನ ಕಲ್ಲಿನಲ್ಲಿ ನನ್ನ ತಂದೆಯವರ ಹೆಸರಿದೆ. ಆ ಬಳಿಕವೇ ಸೋರಿಕೆ ಹೆಚ್ಚಿತು. ತೇವ ಹೊರಬರಲಾಗದೆ ಬಣ್ಣದ ಅಡಿಯಲ್ಲಿ ಕಲ್ಲಿನ ಮೇಲ್ಪದರ ಪುಡಿಯಾಗಿ ಉದುರುತ್ತಿದೆ. ಬಸದಿ ಶಿಥಿಲವಾಗಿದೆ, ಕೆಡಹಬೇಕು ಎಂದು ಇಂದು ಹೇಳುತ್ತಿರುವವರೂ ನಾವೇ.

ನಮ್ಮ ಬಸದಿ ಪುರಾತತ್ತ್ವ ಇಲಾಖೆಯ ರಕ್ಷಿತ ಪಟ್ಟಿಯಲ್ಲಿಲ್ಲ. ಕೆಡಹಿದರೆ ಕೇಳುವವರಿಲ್ಲ. ಹೊಸತಕ್ಕೆ ಶಂಕುಸ್ಥಾಪನೆ ಮಾಡಲು ಜನಪ್ರತಿನಿಧಿಗಳು ಓಡಿಬರುತ್ತಾರೆ, ಪಂಚಕಲ್ಯಾಣದ ಸವಾಲುಗಳಲ್ಲಿ ಹಣ ಹರಿಯುತ್ತದೆ, ದಾನಿಗಳ ಹೆಸರು ಅಮೃತಶಿಲೆಯ ಮೇಲೆ ಬರುತ್ತದೆ. ಸೋರುವ ಮಾಡಿನ ದುರಸ್ತಿಗೆ ಯಾವ ಮಂತ್ರಿಯೂ ಬರುವುದಿಲ್ಲ. ಅಪರಿಗ್ರಹವನ್ನು ಬೋಧಿಸುವ ಸಮಾಜ ಹೆಸರಿನ ಪರಿಗ್ರಹದಿಂದ ಬಿಡಿಸಿಕೊಂಡಿಲ್ಲ, ನನ್ನನ್ನೂ ಸೇರಿಸಿ.

ವೃದ್ಧರಿಗೆ ಮೆಟ್ಟಿಲು ಹತ್ತಲಾಗದು, ಶೌಚಾಲಯವಿಲ್ಲ, ಮುನಿಗಳು ಬಂದರೆ ತಂಗಲು ಸ್ಥಳವಿಲ್ಲ ಎಂಬ ದೂರುಗಳೆಲ್ಲ ನ್ಯಾಯವಾದವು. ಅವಕ್ಕಾಗಿ ಹಿಂಬದಿಯ ಖಾಲಿ ಜಾಗದಲ್ಲಿ ಸರಳವಾದ ಹೊಸ ಕಟ್ಟಡ ಕಟ್ಟೋಣ, ಕಾಂಕ್ರೀಟಿನಲ್ಲೇ ಕಟ್ಟೋಣ. ಅದು ಕಾಂಕ್ರೀಟಿನಂತೆಯೇ ಕಾಣಲಿ.

ಕೊನೆಯದಾಗಿ ಒಂದು ವಿಷಯ. ನಿಮ್ಮ ಕೈಗಿತ್ತಿರುವ ಅಂದಾಜುಪಟ್ಟಿಯ ಮೊದಲ ಸಾಲು ಹಳೆಯ ಕಟ್ಟಡವನ್ನು ಕೆಡಹುವ ವೆಚ್ಚ. ಅದು ನಿಜವಾಗಿಯೂ ಬೀಳುವ ಸ್ಥಿತಿಯಲ್ಲಿದೆಯೇ ಎಂದು ಪರೀಕ್ಷಿಸುವ ವೆಚ್ಚಕ್ಕೆ ಇಡೀ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಹಳೆಯ ಕಲ್ಲು ಕಟ್ಟಡಗಳ ಸಂರಕ್ಷಣೆಯನ್ನು ಬಲ್ಲ ತಜ್ಞರೊಬ್ಬರನ್ನು ಕರೆಸಿ ವರದಿ ಪಡೆಯಬೇಕು. ನಾನು ಬರೆದುಕೊಟ್ಟಿರುವ ವಂತಿಗೆಯನ್ನು ಮೊದಲು ಅದಕ್ಕೇ ಬಳಸಬೇಕು. ವರದಿ ಬರುವವರೆಗೆ ಬಸದಿಯ ಒಂದು ಕಲ್ಲನ್ನೂ ಕದಲಿಸಬಾರದು. ಇದನ್ನು ಠರಾವಿನ ರೂಪದಲ್ಲಿ ಅಧ್ಯಕ್ಷರ ಮುಂದಿಡುತ್ತಿದ್ದೇನೆ. ಅನುಮೋದಿಸುವವರು ಯಾರು?